ಮೂವತ್ತೊಂದನೆಯ ಖಾಲಿ ಚೌಕ

ಶಿಶುವಿಹಾರಗಳಿಗೆ ಹೋಗಿ, ಮೂಲೆಯ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು, ಮೂರು ಗಂಟೆ ಬಾಯಿ ಬಿಡದೆ ಬರೆಯುವುದು ನನ್ನ ಕೆಲಸ. ಹದಿನಾಲ್ಕು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಕಚೇರಿಯ ಕಾಗದಗಳಲ್ಲಿ ನಾನು ವೀಕ್ಷಕಿ. ಮಕ್ಕಳ ಬಾಯಲ್ಲಿ ಬೀರು ಆಂಟಿ. ಮಾತಾಡಿಸಿದರೆ ಮಾತಾಡುವುದಿಲ್ಲ, ನಕ್ಕರೆ ನಗುವುದಿಲ್ಲ, ಸಾಲದ್ದಕ್ಕೆ ನನ್ನ ಕುರ್ಚಿಯೂ ಬೀರುವಿನ ಪಕ್ಕದಲ್ಲೇ ಇರುತ್ತದೆ. ಒಮ್ಮೆ ಒಬ್ಬ ಹುಡುಗ ತನ್ನ ನೀರಿನ ಬಾಟಲಿಯನ್ನು ನನ್ನ ತೊಡೆಯ ಮೇಲೆ ಇಟ್ಟು ಆಡಲು ಹೋಗಿದ್ದ. ಅದನ್ನು ನಾನು ಹೊಗಳಿಕೆ ಅಂತಲೇ ತಿಳಿದುಕೊಂಡೆ.

ನನ್ನ ಹಾಳೆಯಲ್ಲಿ ತೊಂಬತ್ತು ಚೌಕಗಳಿವೆ. ಎರಡು ನಿಮಿಷಕ್ಕೊಮ್ಮೆ ಕೈಗಡಿಯಾರ ಮಣಿಕಟ್ಟಿನ ಮೇಲೆ ಗುಂಯ್ ಎನ್ನುತ್ತದೆ. ಆ ಗಳಿಗೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಂದು ಅಕ್ಷರದಲ್ಲಿ ಬರೆಯಬೇಕು. ಟೀಚರ್ ಹೇಳಿಕೊಡುತ್ತಿದ್ದರೆ ಹೇ, ಪ್ರಶ್ನೆ ಕೇಳುತ್ತಿದ್ದರೆ ಪ್ರ, ಮಗು ಉತ್ತರ ಕೊಡುತ್ತಿದ್ದರೆ ಅಥವಾ ಎದ್ದು ನಿಂತು ಏನಾದರೂ ಹೇಳುತ್ತಿದ್ದರೆ ಉ. ಉ ಬರೆದರೆ ಪಕ್ಕದಲ್ಲಿ ಯಾವ ಮಗು ಎಂದೂ ಗುರುತಿಸಬೇಕು, ಅದು ಆ ಮಗುವಿನ ಕಡತಕ್ಕೂ ಹೋಗುತ್ತದೆ. ಈ ಮೂರೂ ಅಲ್ಲದಿದ್ದರೆ ಖ, ಅಂದರೆ ಖಾಲಿ. ಮಕ್ಕಳ ಹೆಸರು ಬರೆಯುವಂತಿಲ್ಲ. ಗೋಡೆಯ ಗೂಟಗಳ ಮೇಲೆ ಮಗುವಿಗೊಂದು ಚಿತ್ರ ಅಂಟಿಸಿರುತ್ತಾರಲ್ಲ, ರೈಲು, ಛತ್ರಿ, ಆನೆ ಅಂತ, ಅದೇ ಹೆಸರು.

ಹೊಸ ಟೀಚರಿಗೆ ಮೊದಲ ವರ್ಷ ಮೂರು ಭೇಟಿ. ಮೊದಲೆರಡು ಬರೀ ಎಚ್ಚರಿಕೆಗೆ. ಮೂರನೆಯ ಹಾಳೆಯಲ್ಲಿ ಖ ಮೂವತ್ತರೊಳಗಿದ್ದರೆ ಕೆಲಸ ಖಾಯಂ. ಮೂವತ್ತೊಂದಾದರೆ ಮನೆ, ಮತ್ತೆ ಮೂರು ವರ್ಷ ಯಾವ ಶಿಶುವಿಹಾರವೂ ಸೇರಿಸಿಕೊಳ್ಳುವಂತಿಲ್ಲ. ಮೂವತ್ತು ಎನ್ನುವ ಸಂಖ್ಯೆ ಯಾರ ತಲೆಯಲ್ಲಿ ಹುಟ್ಟಿತೋ ದೇವರೇ ಬಲ್ಲ. ನಾನು ಕೇಳಲಿಲ್ಲ. ಕೇಳುವ ಸ್ವಭಾವದವರು ಈ ಕೆಲಸದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಈ ಟೀಚರನ್ನು ಮಕ್ಕಳು ಅಕ್ಕ ಎಂದು ಕರೆಯುತ್ತಿದ್ದರು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಮೊದಲ ಭೇಟಿಯ ದಿನ ಒಂಬತ್ತು ಗಂಟೆಗೆ ಇಪ್ಪತ್ತೆರಡು ಮಕ್ಕಳು ಬಾಗಿಲಲ್ಲಿ ಒಳಬಂದು ಸ್ವೆಟರ್ ಬಿಚ್ಚತೊಡಗಿದರು. ಬೇರೆ ಕಡೆ ಇಂಥ ಹೊತ್ತಿನಲ್ಲಿ ಟೀಚರೂ ಆಯಾನೂ ಸೇರಿ, ಜೋಳದ ಸಿಪ್ಪೆ ಸುಲಿದಂತೆ ಐದು ನಿಮಿಷಕ್ಕೆ ಎಲ್ಲರನ್ನೂ ಸುಲಿದು ಕೂರಿಸುತ್ತಾರೆ. ಇವಳು ನೆಲದ ಮೇಲೆ ಮಂಡಿಯೂರಿ ಕೂತಳು. ಒಂದು ಗುಂಡಿ ತಾನು ಬಿಚ್ಚಿ ತೋರಿಸಿದಳು, ಉಳಿದ ಗುಂಡಿಗಳಿಗೆ ಕೈ ಹಚ್ಚಲಿಲ್ಲ. ಸ್ವೆಟರ್ ಗೂಟಕ್ಕೇರಿ, ಶೂ ಸಾಲಾಗಿ ನಿಂತು, ಕೊನೆಯ ಮಗು ಕೂರುವ ಹೊತ್ತಿಗೆ ಒಂಬತ್ತು ಇಪ್ಪತ್ತಾರು. ಹದಿಮೂರು ಚೌಕ, ಹದಿಮೂರು ಖ. ಅಯ್ಯೋ ಪಾಪ ಎನ್ನಿಸಿತು. ಒಬ್ಬರು ಕಣ್ಣೆದುರೇ ಹಳ್ಳಕ್ಕೆ ಬೀಳುತ್ತಿದ್ದರೆ ಬೀರುವಿಗೂ ಹಾಗೆನ್ನಿಸಬಹುದು.

ಆಮೇಲಿನದೂ ಅದೇ ರಾಗ. ರೈಲು ಚಿತ್ರದ ಹುಡುಗ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಲು ಹೋಗಿ ಮೇಜೆಲ್ಲ ಕೆರೆ ಮಾಡಿದ. ಅಳುವುದೋ ಬೇಡವೋ ಎಂದು ಅವಳ ಮುಖ ನೋಡಿದ. ಅವಳು ಒಂದು ಬಟ್ಟೆ ತಂದು ಅವನ ಕೈಗೆಟುಕುವಲ್ಲಿ ಇಟ್ಟು ಪಕ್ಕದಲ್ಲಿ ನಿಂತಳು. ಅಯ್ಯೋ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಎನ್ನಲಿಲ್ಲ. ಹುಡುಗ ಒರೆಸಿದ, ಬಟ್ಟೆ ಹಿಂಡಿದ, ಮತ್ತೆ ಬಗ್ಗಿಸಿದ. ಈ ಸಲ ಲೋಟದೊಳಗೇ ಬಿತ್ತು. ಅಷ್ಟರಲ್ಲಿ ನನ್ನ ಗಡಿಯಾರ ಮೂರು ಸಲ ಗುಂಯ್ ಎಂದಿತ್ತು, ನಾನು ಮೂರು ಖ ಬರೆದಿದ್ದೆ.

ಆನೆ ಚಿತ್ರದ ಗೂಟ ತರಗತಿಯಲ್ಲೇ ಎಲ್ಲರಿಗಿಂತ ಕುಳ್ಳಗಿದ್ದ ಹುಡುಗಿಯದು. ಅವಳಿಗೆ ಉಗ್ಗು. ಮಾತು ಗಂಟಲವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಇಂಥ ಮಕ್ಕಳಿದ್ದರೆ ಉಳಿದವರು ತಾಮುಂದು ನಾಮುಂದು ಎಂದು ಮಾತನ್ನು ಬಾಯಿಗೆ ತುರುಕುತ್ತಾರೆ, ಟೀಚರಂತೂ ಎಲ್ಲರಿಗಿಂತ ಮೊದಲು. ಇಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಮಾತು ಹುಡುಕುತ್ತಿದ್ದರೆ ಮಿಕ್ಕವರೆಲ್ಲ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು, ಅದರ ಮೇಲೆ ಕೂರಬೇಕು. ಕೈ ಕೆಳಗಿದ್ದರೆ ಈ ವಯಸ್ಸಿನವರಿಗೆ ಬಾಯಿಯೂ ಅರ್ಧ ಮುಚ್ಚಿಕೊಳ್ಳುತ್ತದೆ. ಯಾವ ಪುಸ್ತಕದಲ್ಲೂ ನಾನಿದನ್ನು ಓದಿರಲಿಲ್ಲ. ಅಕ್ಕನೂ ಹಾಗೇ ಕೂರುತ್ತಿದ್ದಳು. ಆದರೂ ಆನೆ ಆ ದಿನ ಒಂದು ಮಾತೂ ಆಡಲಿಲ್ಲ. ತನ್ನ ಸರದಿ ಬಂದಾಗ ತಲೆ ಅಲ್ಲಾಡಿಸಿ, ಪಕ್ಕದವಳನ್ನು ತೋರಿಸಿದಳು.

ಮೊದಲ ಹಾಳೆ, ಐವತ್ತೊಂದು ಖ.

ನಾಲ್ಕು ತಿಂಗಳ ನಂತರ ಎರಡನೆಯ ಭೇಟಿ. ಸ್ವೆಟರು ಶೂಗಳ ಪ್ರಕರಣ ಒಂಬತ್ತು ನಿಮಿಷಕ್ಕೆ ಮುಗಿಯಿತು, ಅದೂ ದೊಡ್ಡವರೊಬ್ಬರ ಕೈಯೂ ತಗುಲದೆ. ಛತ್ರಿ ಗೂಟದ ಹುಡುಗ ಇನ್ನೊಬ್ಬನ ಲೇಸು ಕಟ್ಟಿಕೊಟ್ಟ. ಅವನು ನಿಜಕ್ಕೂ ಮಹಾ ಛತ್ರಿ, ಕಟ್ಟಿಕೊಟ್ಟದ್ದಕ್ಕೆ ಅವನಿಂದ ಒಂದು ಬಿಸ್ಕತ್ತು ವಸೂಲಿ ಮಾಡಿದ. ಆ ಬೆಳಿಗ್ಗೆ ಇಡೀ ತರಗತಿಯಲ್ಲಿ ಒಂದೇ ಒಂದು ಸಲ ಅಳು ಕೇಳಿಸಿತು. ಇಷ್ಟು ವರ್ಷಗಳಲ್ಲಿ ನಾನು ಕೂತ ತರಗತಿಗಳಲ್ಲಿ ಇಂಥವು ಐದಾರು ಇರಬಹುದು. ಹಾಳೆಗೆ ಅದೆಲ್ಲ ತಿಳಿಯುವುದಿಲ್ಲ. ಮಕ್ಕಳು ತಾವಾಗಿಯೇ ಕೆಲಸ ಮಾಡುತ್ತಿದ್ದರೆ, ಟೀಚರ್ ಹೇಳಿಕೊಡುತ್ತಿಲ್ಲ, ಕೇಳುತ್ತಿಲ್ಲ. ನಲವತ್ತೇಳು ಖ.

ಮೂರನೆಯ ಭೇಟಿಯ ಬೆಳಿಗ್ಗೆ ಹೆಡ್ ಮೇಡಂ ಕೋಣೆಯಲ್ಲಿ ನಾನು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದೆ. ಅಕ್ಕನೂ ಅಲ್ಲಿದ್ದಳು. ಹೆಡ್ ಮೇಡಂ ಒಳ್ಳೆಯವರು, ಆದರೆ ಗುಟ್ಟು ಹೇಳುವುದನ್ನೂ ಕೂಗಿ ಹೇಳುವವರು.

"ನೋಡಮ್ಮ, ನಿನ್ನ ಪಾಠ ನಂಗೂ ಇಷ್ಟವೇ. ಆದ್ರೆ ಇವತ್ತೊಂದಿನ ಮಟ್ಟಿಗೆ ಮಾತಾಡ್ತಾ ಇರು. ಬಣ್ಣ ಹೇಳು, ಎಣಿಸು, ಬಾಯಿಗೆ ಬಂದದ್ದು ಹೇಳು. ಮೂರು ಗಂಟೆ ರೇಡಿಯೋ ಆಗು, ಸಾಕು. ನಾಳೆಯಿಂದ ನೀನುಂಟು, ನಿನ್ನ ಮಕ್ಕಳುಂಟು."

"ಮಕ್ಕಳು ಗಾಬರಿ ಬೀಳ್ತಾರೆ ಮೇಡಂ."

"ಬೀಳಲಿ, ಎದ್ದೇಳ್ತಾರೆ. ನೀನು ಬಿದ್ರೆ ಎಬ್ಬಿಸೋಕೆ ಯಾರೂ ಬರಲ್ಲ. ನಾಳೆ ನಿನ್ನ ಜಾಗಕ್ಕೆ ಯಾರೋ ಬಂದು, ಆ ಆನೆ ಹುಡುಗಿ ಬಾಯಿಗೆ ಕೋಲು ಹಾಕಿ ಮಾತು ತೆಗೀತೀನಿ ಅಂದ್ರೆ ಏನ್ಮಾಡ್ತೀಯಾ?"

ಅಕ್ಕ ನನ್ನತ್ತ ನೋಡಿದಳು. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಆಯ್ತು, ಮಾತಾಡ್ತೀನಿ," ಎಂದಳು.

ಮಾತಾಡಿದಳು ಕೂಡ. ಕಿಟಕಿ ತೋರಿಸಿ ಇದು ಕಿಟಕಿ ಎಂದಳು. ಕಿಟಕಿಗೆ ಎಷ್ಟು ಗಾಜು ಎಂದಳು. ಆರು ಎಂದರು. ಬಾಗಿಲಿಗೆ ಎಷ್ಟು ಹಿಡಿ ಎಂದಳು. ಒಂದು ಎಂದರು, ಒಂದಿಬ್ಬರು ಎರಡು ಎಂದರು. ನನ್ನ ಪೆನ್ನು ಹೇ, ಪ್ರ, ಉ ಎಂದು ಸರಾಗವಾಗಿ ಓಡಿತು. ಮಕ್ಕಳು ಮಾತ್ರ ಅವಳನ್ನು ವಿಚಿತ್ರವಾಗಿ ನೋಡುತ್ತಿದ್ದರು. ಛತ್ರಿ ಎದ್ದು ಹೋಗಿ ಅವಳ ಹಣೆ ಮುಟ್ಟಿ, "ಅಕ್ಕ, ನಿಂಗೆ ಜ್ವರಾನಾ?" ಎಂದು ಕೇಳಿದ. ಇಲ್ಲ ಪುಟ್ಟಾ ಎಂದಳು. ಅವನಿಗೆ ನಂಬಿಕೆ ಬಂದಂತಿರಲಿಲ್ಲ.

ಆದರೂ ಅಭ್ಯಾಸ ಎಲ್ಲಿ ಹೋಗುತ್ತದೆ? ಬಾಳೆಹಣ್ಣಿನ ಹೊತ್ತಿಗೆ ಮತ್ತೆ ಮೌನ. ಸಿಪ್ಪೆ ಸುಲಿಯಲು ಹೆಣಗುತ್ತಿದ್ದ ಮಗುವಿನ ಮುಂದೆ ಅವಳ ಮಾತು ತಾನೇ ನಿಂತುಹೋಗುತ್ತಿತ್ತು. ಹನ್ನೊಂದೂವರೆಗೆ ಖ ಇಪ್ಪತ್ತೊಂಬತ್ತು ತಲುಪಿತ್ತು. ಇನ್ನು ಉಳಿದದ್ದು ಅರ್ಧ ಗಂಟೆ. ಮೊದಲು ಸುದ್ದಿ ಹೇಳುವ ಹೊತ್ತು, ಆಮೇಲೆ ಕಥೆ, ಕೊನೆಗೆ ಹಾಡು. ಸುದ್ದಿಗೆ ನಾಲಿಗೆ ಚುರುಕಿನವರನ್ನು ಎಬ್ಬಿಸಿದರೆ ಮುಗಿಯಿತು, ಗೆದ್ದ ಹಾಗೇ. ಅವಳು ಜಾಣೆ. ಮೊದಲು ಛತ್ರಿಯನ್ನು ಎಬ್ಬಿಸಿದಳು. ಅವನು ತನ್ನ ಮಾವನ ಬೈಕು ಪಂಕ್ಚರಾದದ್ದನ್ನು ನಿಲ್ಲಿಸದೆ ಹೇಳಿದ. ಉ, ಉ. ನಂತರ ರೈಲು. ಉ. ನನಗರಿವಿಲ್ಲದೆ ನಾನೇ ಉಸಿರು ಹಿಡಿದು ಎಣಿಸುತ್ತಿದ್ದೆ. ಅವಳು ಗೆಲ್ಲಲಿ ಎಂದು ನನಗೆ ತುಂಬಾ ಆಸೆಯಾಗಿತ್ತು. ಹದಿನಾಲ್ಕು ವರ್ಷದಲ್ಲಿ ಯಾರ ಬಗ್ಗೆಯೂ ಹಾಗನ್ನಿಸಿರಲಿಲ್ಲ.

ಆಗ ಆನೆ ಎದ್ದು ನಿಂತಳು.

ಯಾರೂ ಕರೆದಿರಲಿಲ್ಲ. ತಾನಾಗಿಯೇ ಎದ್ದಳು, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅಕ್ಕ ಒಂದೇ ಒಂದು ಸಲ ನನ್ನ ಕಡೆ, ನನ್ನ ಕೈಗಡಿಯಾರದ ಕಡೆ ನೋಡಿದಳು. ಬೇಕೆಂದಿದ್ದರೆ, ಆಮೇಲೆ ಹೇಳು ಚಿನ್ನ ಎಂದು ಕೂರಿಸಬಹುದಿತ್ತು. ಅಷ್ಟು ಮಾಡಿದ್ದರೆ ಸಾಕಿತ್ತು, ಯಾರೂ ಅವಳನ್ನು ದೂರುತ್ತಿರಲಿಲ್ಲ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಳು. ಇಪ್ಪತ್ತೊಂದು ಮಕ್ಕಳೂ ಕೂತರು.

"ನ... ನಮ್ಮನೆ," ಎಂದಳು ಆನೆ. ನಿಂತಳು. ಉಸಿರೆಳೆದಳು. "ನಮ್ಮನೆ ಬೆ... ಬೆ..."

ಗಡಿಯಾರ ಗುಂಯ್ ಎಂದಿತು. ಆ ಗಳಿಗೆಯಲ್ಲಿ ಅವಳ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಖ. ಮೂವತ್ತು.

"ಬೆಕ್ಕು," ಎಂದಳು. ಯಾರೋ ಉಸಿರು ಬಿಟ್ಟರು. ಎಷ್ಟೋ ಹೊತ್ತಾದ ಮೇಲೆ, "ಮಂಚದ ಕೆಳಗೆ," ಎಂದಳು, ಅದು ಹೇಗೋ ಒಂದೇ ಏಟಿಗೆ ಬಂತು. ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಗಿ ನಕ್ಕಳು. ಆಮೇಲೆ, "ಮ..." ಎಂದಳು. "ಮ... ಮ..." ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿದಳು.

ನನ್ನ ಕಣ್ಣು ಗಡಿಯಾರದ ಮೇಲಿತ್ತು. ಇಪ್ಪತ್ತು ಸೆಕೆಂಡು ಉಳಿದಿತ್ತು. ಮಾತು ಯಾವುದು ಎಂದು ಇಡೀ ಕೋಣೆಗೆ ಗೊತ್ತಿತ್ತು. ಹದಿನೈದು. ಅವಳು ಈಗ ಆ ಮಾತು ಆಡಿದರೆ ಉ, ಆಡದಿದ್ದರೆ ಮೂವತ್ತೊಂದು. ಹತ್ತು.

"ಮರಿ ಹಾಕಿದೆ," ಎಂದೆ ನಾನು.

ಗಟ್ಟಿಯಾಗಿಯೇ ಹೇಳಿದೆ, ಅವಳು ಹಿಂದೆಯೇ ಅದನ್ನು ಹೇಳಿಬಿಡಲಿ ಎಂದು. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಇಪ್ಪತ್ತೊಂದು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಛತ್ರಿ, "ಬೀರು ಮಾತಾಡ್ತು!" ಎಂದು ಕಿರುಚಿದ. ಆನೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು. ಫ್ರಾಕಿನ ಅಂಚನ್ನು ಬಿಟ್ಟು, ನಿಧಾನವಾಗಿ ಕೂತಳು. ಗಡಿಯಾರ ಗುಂಯ್ ಎಂದಿತು. ಅಕ್ಕ ಇನ್ನೂ ಕೈಗಳ ಮೇಲೇ ಕೂತಿದ್ದಳು. ನಾನು ಚೌಕದಲ್ಲಿ ಉ ಬರೆದು, ಪಕ್ಕದಲ್ಲಿ ಆನೆ ಎಂದು ಬರೆದೆ.

ಆಮೇಲಿನ ಕಥೆ, ಹಾಡುಗಳಲ್ಲಿ ಒಂದು ಖ ಕೂಡ ಬರಲಿಲ್ಲ. ಅಕ್ಕ ನಿಲ್ಲಿಸದೆ ಹೇಳಿದಳು, ಹಾಡಿದಳು. ಅವಳ ದನಿಯಲ್ಲಿ ಜೀವವಿರಲಿಲ್ಲ, ಆದರೆ ಅದಕ್ಕೆ ನನ್ನ ಬಳಿ ಅಕ್ಷರವಿಲ್ಲ. ಹನ್ನೆರಡಕ್ಕೆ ಹಾಳೆ ಮುಗಿಯಿತು. ಖ ಮೂವತ್ತು, ಸರಿಯಾಗಿ ಮೂವತ್ತು.

ಮಕ್ಕಳನ್ನು ಆಯಾ ಅಂಗಳಕ್ಕೆ ಕರೆದೊಯ್ದ ಮೇಲೆ, ನಿಯಮದಂತೆ ಹಾಳೆಯನ್ನು ಟೀಚರಿಗೆ ಕೊಟ್ಟೆ. ಅವಳು ಓದಿ ಸಹಿ ಹಾಕಬೇಕು. ಎಲ್ಲರೂ ಕೆಳಗಿನ ಮೊತ್ತ ನೋಡಿ ಗೀಚಿ ಕೊಡುತ್ತಾರೆ. ಇವಳು ಒಂದೊಂದೇ ಚೌಕದ ಮೇಲೆ ಬೆರಳಿಟ್ಟುಕೊಂಡು ಬಂದಳು. ಒಂದು ಕಡೆ ಬೆರಳು ನಿಂತಿತು.

"ಇದು ಉ ಅಲ್ಲ ಮೇಡಂ."

"ಅದು ಹಾಗೇ ಇರಲಿ."

"ಅವಳು ಹೇಳಿಲ್ಲ. ಹೇಳಿದ್ದು ನೀವು."

"ನಾನು ಹೇಳಿದ್ದು ಯಾಕೆ ಅಂತ ನಿಂಗೊತ್ತಿಲ್ವಾ?" ನಾನು ಕಚೇರಿಯ 'ನೀವು' ಬಿಟ್ಟು 'ನೀನು' ಎಂದದ್ದು ಆಮೇಲೆ ನೆನಪಾಯಿತು. "ಒಂದಕ್ಷರ ಕಣಮ್ಮ. ಅದರ ಮೇಲೆ ನಿನ್ನ ಕೆಲಸ ನಿಂತಿದೆ. ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಸುಮ್ನೆ ಸಹಿ ಹಾಕು."

ಅವಳು ಪೆನ್ನು ಮುಟ್ಟಲಿಲ್ಲ.

"ಈ ಚೌಕ ಅವಳ ಕಡತಕ್ಕೂ ಹೋಗುತ್ತಲ್ವಾ?" ಎಂದು ಕೇಳಿದಳು. "ಮುಂದಿನ ವರ್ಷ ಅವಳು ದೊಡ್ಡ ಶಾಲೆಗೆ ಹೋಗ್ತಾಳೆ. ಅಲ್ಲಿ ಅವರು ಇದನ್ನ ಓದ್ತಾರೆ. ಎಲ್ಲರ ಮುಂದೆ ಎದ್ದು ನಿಂತು ಪೂರ್ತಿ ಮಾತು ಹೇಳಿದ್ದಾಳೆ ಅಂದ್ಕೋತಾರೆ. ಆಮೇಲೆ ಅವಳು ಅಲ್ಲಿ ಬಾಯಿ ಬಿಡಲಿಲ್ಲ ಅಂದ್ರೆ, ಮಾತು ಬರುತ್ತೆ, ಇದು ಬರೀ ಹಠ ಅಂತಾರೆ. ಹಠಕ್ಕೆ ಏನು ಮದ್ದು ಮಾಡ್ತಾರೆ ಅಂತ ನಿಮಗೇ ಗೊತ್ತು."

ಗೊತ್ತಿತ್ತು. ಸಾಕಷ್ಟು ಮೂಲೆಗಳಲ್ಲಿ ಕೂತು ನೋಡಿದ್ದೇನೆ.

"ಏಳು ತಿಂಗಳಿಂದ ಕಾಯ್ತಾ ಇದ್ದೆ ಮೇಡಂ," ಎಂದಳು. "ಅವಳಾಗಿ ಎದ್ದಿದ್ದು ಇವತ್ತೇ ಮೊದಲು. ನೀವು ಒಳ್ಳೇದಕ್ಕೇ ಹೇಳಿದ್ರಿ. ಅವಳ ಬಾಯಿಗೆ ಮಾತು ಹಾಕೋರೆಲ್ಲ ಒಳ್ಳೇದಕ್ಕೇ ಹಾಕೋದು." ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನೆಟ್ಟಗಿತ್ತು. "ಖ ಅಂತ ಬರೀರಿ. ಸಹಿ ಹಾಕ್ತೀನಿ."

ನನಗೆ ನಾಚಿಕೆಯಾಯಿತು. ಕೋಪವೂ ಬಂತು, ಯಾರ ಮೇಲೆ ಎಂದು ತಿಳಿಯದೆ. ಉ ಹೊಡೆದುಹಾಕಿ ಖ ಬರೆದೆ. ಕೆಳಗೆ ಮೂವತ್ತನ್ನು ಮೂವತ್ತೊಂದು ಮಾಡಿದೆ. ಅವಳು ದುಂಡಗೆ, ಸ್ಪಷ್ಟವಾಗಿ ಸಹಿ ಹಾಕಿದಳು. ಸುದ್ದಿ ಕೇಳಿದ ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತುಕೊಂಡು, "ನಿಮ್ಮಿಬ್ರಿಗೂ ತಲೆ ಕೆಟ್ಟಿದೆ," ಎಂದು ಕಾರಿಡಾರಿನ ತುದಿಗೆ ಕೇಳುವಂತೆ ಹೇಳಿದರು.

ಆ ವಾರ ನಾನು ಕಚೇರಿಗೆ ಮೂರು ಪುಟದ ಪತ್ರ ಬರೆದೆ. ಆ ತರಗತಿಯಲ್ಲಿ ಖಾಲಿ ಎಂದು ನಾನು ಗುರುತಿಸಿದ ಚೌಕಗಳಲ್ಲಿ ಏನೇನು ನಡೆಯುತ್ತಿತ್ತು ಎಂದು ಒಂದೊಂದಾಗಿ ಬರೆದೆ. ಎರಡು ಸಾಲಿನ ಉತ್ತರ ಬಂತು: ವೀಕ್ಷಕರು ಅಭಿಪ್ರಾಯ ಬರೆಯತಕ್ಕದ್ದಲ್ಲ. ತಿಂಗಳ ಕೊನೆಗೆ ಅಕ್ಕನ ಜಾಗಕ್ಕೆ ಬೇರೊಬ್ಬರು ಬಂದರು. ಬಹಳ ಚೆನ್ನಾಗಿ ಮಾತಾಡುತ್ತಾರಂತೆ.

ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ನಾನು ಚೀಲ ಹೆಗಲಿಗೇರಿಸಿ ಗೇಟಿನಿಂದ ಹೊರಬಂದೆ. ಬಸ್ ನಿಲ್ದಾಣ ಎದುರಿಗೇ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಆನೆ ತನ್ನ ತಾತನ ಜೊತೆ ಕೂತಿದ್ದಳು. ತಾತ ಅವಳ ಲೇಸು ಕಟ್ಟಲು ಬಗ್ಗಿದ್ದ. ಅವಳು ಕಾಲು ಹಿಂದೆಳೆದುಕೊಂಡು ತಾನೇ ಕಟ್ಟಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ ಅರ್ಧಕ್ಕೆ ಬಿಟ್ಟು, ಎದ್ದು ಬಂದು ನನ್ನ ಮುಂದೆ ನಿಂತಳು.

"ನಾ..." ಎಂದಳು.

ಬಸ್ಸು ತಿರುವಿನಲ್ಲಿ ಕಾಣಿಸಿತು. ಮುಂದಿನದು ಇನ್ನೊಂದು ಗಂಟೆಗೆ.

"ನಾ... ನಾ..."

"ನಾಳೆ ಬರ್ತೀರಾ ಅಂತ ಕೇಳ್ತಿದ್ದಾಳೆ ಮೇಡಂ," ಎಂದ ತಾತ ಅಕ್ಕರೆಯಿಂದ. "ನೀವು ಹೊರಡಿ, ಬಸ್ಸು ಬಂತು. ಇವಳು ಮಾತು ಮುಗಿಸೋ ಹೊತ್ತಿಗೆ ಸಂಜೆ ಆಗುತ್ತೆ."

ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ನಾನು ತಾತನಿಗೆ ಸುಮ್ಮನಿರಿ ಎಂದು ಕೈ ಮಾಡಿದೆ. ಕಟ್ಟೆಯ ಮೇಲೆ ಕೂತೆ, ಅವಳ ಮುಖ ನನ್ನ ಮುಖಕ್ಕೆ ಸಮನಾಯಿತು. ಬಸ್ಸು ಬಂದು ನಿಂತಿತು, ಇಬ್ಬರು ಇಳಿದರು, ಕಂಡಕ್ಟರ್ ನನ್ನತ್ತ ನೋಡಿ ಸೀಟಿ ಊದಿದ, ಬಸ್ಸು ಹೋಯಿತು. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಕಣ್ಣು ಒದ್ದೆಯಾಗಿತ್ತು. ಅಳುವಿಗಲ್ಲ, ಸಿಟ್ಟಿಗೆ. ಐದು ವರ್ಷದ ಮುಖದಲ್ಲಿ ಅಷ್ಟು ಸಿಟ್ಟು ನಾನು ನೋಡಿರಲಿಲ್ಲ. ತಾತ ಎರಡು ಸಲ ಬಾಯಿ ಹಾಕಲು ಬಂದು, ನನ್ನ ಮುಖ ನೋಡಿ ಹಿಂದೆ ಸರಿದ.

"ನಾ... ನಾನು," ಎಂದಳು. "ನಾನು ಹೇ... ಹೇಳ್ತಾ ಇದ್ದೆ."

"ಹೌದು," ಎಂದೆ. "ನೀನು ಹೇಳ್ತಾ ಇದ್ದೆ."